ಮುಟ್ಟದೆ ನಡೆಸುವ ಕೈ

ಶೃಂಗೇರಿ ತಾಲ್ಲೂಕಿನ ಬೇಗಾರಿನಲ್ಲಿ ಮಳೆಗಾಲವೆಂದರೆ ಕೈ ಒಣಗದ ಕಾಲ. ಜೂನ್‌ನಲ್ಲಿ ಹಿಡಿದ ಮಳೆ ಬಿಡುವು ಕೊಟ್ಟರೆ ಕೊಟ್ಟಿತು, ಇಲ್ಲವಾದರೆ ಇಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಂತೂ ಅಂಗೈ ತುಂಬ ಮೈಲುತುತ್ತದ ನೀಲಿ, ಸುಣ್ಣದ ಬಿಳಿ. ಅಂಥ ಹೊತ್ತಿನಲ್ಲಿ ಜೇಬಿನ ಮೊಬೈಲ್ ಫೋನು ಕೂಗಿದರೆ ಏನು ಮಾಡುವುದು? ಒದ್ದೆ ಬೆರಳಿಗೆ ಪರದೆ ಓಗೊಡುವುದಿಲ್ಲ. ಓಗೊಟ್ಟರೂ ಒತ್ತಿದ್ದೊಂದು, ತೆರೆದದ್ದೊಂದು. ಪಂಚೆಯಲ್ಲಿ ಕೈ ಒರೆಸಿಕೊಂಡು ಸಿದ್ಧವಾಗುವಷ್ಟರಲ್ಲಿ ಕರೆ ನಿಂತುಹೋಗಿರುತ್ತದೆ.

ಇದು ಬೆರಳಿನ ತಪ್ಪಲ್ಲ. ಈಗಿನ ಫೋನುಗಳ ಪರದೆ ಒತ್ತಡವನ್ನು ಗುರುತಿಸುವುದಿಲ್ಲ. ಬೆರಳು ತಾಗಿದಾಗ ಗಾಜಿನ ಕೆಳಗಿನ ವಿದ್ಯುದಾವೇಶದಲ್ಲಿ ಆಗುವ ಅತಿ ಸಣ್ಣ ವ್ಯತ್ಯಾಸವನ್ನು ಅಳೆಯುತ್ತದೆ. ಮನುಷ್ಯನ ಬೆರಳಿನಂತೆ ನೀರೂ ವಿದ್ಯುತ್ತನ್ನು ಹರಿಯಬಿಡುವ ವಸ್ತು. ಗಾಜಿನ ಮೇಲೆ ನಾಲ್ಕು ಹನಿ ಬಿದ್ದರೆ ಯಾವುದು ಬೆರಳು, ಯಾವುದು ಹನಿ ಎಂದು ಪರದೆಗೆ ಗೊಂದಲವಾಗುತ್ತದೆ. ಒಣ ಹವೆಯ ಕಚೇರಿಯಲ್ಲಿ ಕುಳಿತವರನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ ವಸ್ತು ಮಲೆನಾಡಿನ ಮಳೆಯಲ್ಲಿ ತಡವರಿಸುವುದು ಸಹಜವೇ.

ಈ ಪೇಚಿಗೆ ವಿಜ್ಞಾನಿಗಳು ಬಹಳ ಕಾಲದಿಂದ ಹುಡುಕುತ್ತಿರುವ ಒಂದು ಉತ್ತರವುಂಟು. ಮುಟ್ಟಲೇಬೇಡಿ, ಗಾಳಿಯಲ್ಲಿ ಕೈ ಆಡಿಸಿ, ಯಂತ್ರ ತಾನಾಗಿ ಅರ್ಥಮಾಡಿಕೊಳ್ಳಲಿ ಎಂಬುದೇ ಆ ಉತ್ತರ. ಕೈಸನ್ನೆಯ ನಿಯಂತ್ರಣ ಎಂದು ಇದನ್ನು ಕರೆಯಬಹುದು. ಕೇಳಲು ಸುಲಭ. ಆದರೆ ನೂರು ವರ್ಷಗಳ ಪ್ರಯತ್ನದ ನಂತರವೂ ನಮ್ಮ ಮನೆಯ ಫ್ಯಾನು, ಮಿಕ್ಸಿ, ಪಂಪ್‌ಸೆಟ್ಟುಗಳು ಗುಂಡಿಯನ್ನೇ ನೆಚ್ಚಿಕೊಂಡಿವೆ. ಇದೇಕೆ ಹೀಗೆ? ಉತ್ತರದ ಒಂದು ಭಾಗ ವಿಜ್ಞಾನದಲ್ಲಿದ್ದರೆ, ಇನ್ನೊಂದು ಭಾಗ ಕೈಯ ಭಾಷೆಯನ್ನು ಚೆನ್ನಾಗಿ ಬಲ್ಲ ನಮ್ಮ ಪರಂಪರೆಯಲ್ಲೇ ಇದೆ.

ಇರುವಿಕೆ ಬೇರೆ, ಅರ್ಥ ಬೇರೆ

ಮುಟ್ಟದೆ ನಡೆಯುವ ಯಂತ್ರಗಳು ನಮಗೆ ಹೊಸತೇನಲ್ಲ. ವಿಮಾನ ನಿಲ್ದಾಣದ ನಲ್ಲಿ, ದೊಡ್ಡ ಅಂಗಡಿಯ ಬಾಗಿಲು ಇವೆಲ್ಲ ಮನುಷ್ಯ ಹತ್ತಿರ ಬಂದೊಡನೆ ತೆರೆದುಕೊಳ್ಳುತ್ತವೆ. 2020ರ ಕೊರೊನಾ ಕಾಲದಲ್ಲಿ ಕೈ ಒಡ್ಡಿದರೆ ಸ್ಯಾನಿಟೈಸರ್ ಸುರಿಸುವ ಡಬ್ಬಿಗಳು ಹಳ್ಳಿಯ ಸಹಕಾರ ಸಂಘದ ಬಾಗಿಲಿಗೂ ಬಂದವು. ಅದೇ ವರ್ಷದ ಜೂನ್‌ನಲ್ಲಿ ದೇವಾಲಯಗಳು ಮತ್ತೆ ತೆರೆದಾಗ ಗಂಟೆ ಮುಟ್ಟಬಾರದೆಂಬ ನಿಯಮವಿತ್ತು. ಮಧ್ಯಪ್ರದೇಶದ ಮಂದಸೌರ್‌ನ ಪಶುಪತಿನಾಥ ದೇವಾಲಯದಲ್ಲಿ ಭಕ್ತರು ಗಂಟೆಯ ಕೆಳಗೆ ಕೈ ತೋರಿಸಿದರೆ ತಾನಾಗಿ ಬಾರಿಸುವ ವ್ಯವಸ್ಥೆಯನ್ನು ಆಗ ಅಳವಡಿಸಿದರು. ಅದನ್ನು ಸಿದ್ಧಪಡಿಸಿಕೊಟ್ಟವರು ಊರಿನ ಒಬ್ಬ ಹಿರಿಯ ಮುಸ್ಲಿಂ ಕುಶಲಕರ್ಮಿ.

ಆದರೆ ಇವುಗಳಲ್ಲಿ ಸನ್ನೆ ಇಲ್ಲ. ಆ ಗಂಟೆಗೆ ಗೊತ್ತಾಗುವುದು ಕೆಳಗೆ ಏನೋ ಇದೆ ಎಂಬುದಷ್ಟೆ. ಅದು ಮುಗಿದ ಕೈಯೋ, ಬೀಸಿದ ಕೈಯೋ, ಛತ್ರಿಯ ತುದಿಯೋ ಅದಕ್ಕೆ ಒಂದೇ. ನಲ್ಲಿಯ ಬಾಯಿಯ ಬಳಿ ಇರುವ ಸಣ್ಣ ಕಪ್ಪು ಕಿಟಕಿಯಿಂದ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಹೊರಡುತ್ತದೆ. ಟಿ.ವಿ. ರಿಮೋಟು ಬಳಸುವುದೂ ಇದೇ ಜಾತಿಯ ಬೆಳಕನ್ನು. ಅಡ್ಡ ಬಂದ ವಸ್ತುವಿನಿಂದ ಆ ಬೆಳಕು ಹಿಂತಿರುಗಿದರೆ ನೀರು ಬಿಡು, ಇಲ್ಲದಿದ್ದರೆ ನಿಲ್ಲಿಸು. ಲೆಕ್ಕ ಇಷ್ಟೇ. ಇರುವಿಕೆಯನ್ನು ತಿಳಿಯುವುದು ಒಂದು ಮೆಟ್ಟಿಲು. ಅರ್ಥವನ್ನು ತಿಳಿಯುವುದು ಅದರ ಮೇಲಿನ ಇನ್ನೊಂದು ಮೆಟ್ಟಿಲು. ಎರಡರ ನಡುವೆ ಇರುವ ಅಂತರ ದೊಡ್ಡದು.

ಯಂತ್ರಕ್ಕೆ ಕೈ ಕಾಣುವ ಬಗೆ

ಕೈಯ ಆಕಾರ, ಚಲನೆಗಳನ್ನು ಯಂತ್ರ ತಿಳಿದುಕೊಳ್ಳಲು ಈಗ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಕ್ಯಾಮೆರಾ. ಚಿತ್ರದಲ್ಲಿ ಕೈ ಎಲ್ಲಿದೆ ಎಂದು ಕಂಪ್ಯೂಟರು ಮೊದಲು ಹುಡುಕುತ್ತದೆ. ಅನಂತರ ಕೈಯ ಮೇಲೆ ಲೆಕ್ಕದ ಚುಕ್ಕಿಗಳನ್ನು ಇಡುತ್ತದೆ. ಗೂಗಲ್ ಸಂಸ್ಥೆ 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟ ‘ಮೀಡಿಯಾಪೈಪ್’ ತಂತ್ರಾಂಶದಲ್ಲಿ ಒಂದು ಕೈಗೆ 21 ಚುಕ್ಕಿಗಳು. ಐದು ಬೆರಳಿಗೆ ನಾಲ್ಕರಂತೆ ಇಪ್ಪತ್ತು, ಮಣಿಕಟ್ಟಿಗೆ ಒಂದು. ಈ ಚುಕ್ಕಿಗಳ ಪರಸ್ಪರ ದೂರ, ಕೋನಗಳನ್ನು ನೋಡಿ ಮುಷ್ಟಿಯೋ, ಬಿಚ್ಚಿದ ಅಂಗೈಯೋ, ತೋರುಬೆರಳೋ ಎಂದು ನಿರ್ಧಾರವಾಗುತ್ತದೆ. ಸಾಮಾನ್ಯ ಲ್ಯಾಪ್‌ಟಾಪಿನ ಕ್ಯಾಮೆರಾ ಇದಕ್ಕೆ ಸಾಕು. ಆದ್ದರಿಂದಲೇ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನಗಳಲ್ಲಿ ಕೈಸನ್ನೆಗೆ ಓಡುವ ಗಾಲಿಕುರ್ಚಿ, ಹೊತ್ತಿಕೊಳ್ಳುವ ದೀಪ ಸಾಮಾನ್ಯ ದೃಶ್ಯಗಳಾಗಿವೆ.

ಎರಡನೆಯದು ರೇಡಾರ್. ಹಡಗು, ವಿಮಾನಗಳನ್ನು ಹುಡುಕುವ ತತ್ತ್ವವನ್ನೇ ಉಗುರಿನಷ್ಟು ಚಿಕ್ಕ ಚಿಪ್ಪಿಗೆ ಇಳಿಸಿದ್ದಾರೆ. ರೇಡಿಯೊ ಅಲೆಗಳು ಬೆರಳಿಗೆ ತಾಗಿ ಹಿಂತಿರುಗುತ್ತವೆ. ಬೆರಳು ಹತ್ತಿರ ಬರುತ್ತಿದ್ದರೆ ಅಲೆಯ ಆವರ್ತನ ಸ್ವಲ್ಪ ಹೆಚ್ಚುತ್ತದೆ, ದೂರ ಸರಿದರೆ ಕುಗ್ಗುತ್ತದೆ. ನಮ್ಮತ್ತ ಬರುವ ಬಸ್ಸಿನ ಹಾರ್ನ್ ಏರುದನಿಯಲ್ಲಿ ಕೇಳಿಸಿ, ದಾಟಿದೊಡನೆ ಇಳಿಯುವುದಿಲ್ಲವೆ? ಹಾಗೆಯೇ ಇದು. ಗೂಗಲ್ 2019ರ ಅಕ್ಟೋಬರ್‌ನಲ್ಲಿ ಹೊರತಂದ ‘ಪಿಕ್ಸೆಲ್ 4’ ಫೋನಿನಲ್ಲಿ ಇಂಥ ರೇಡಾರ್ ಇತ್ತು. ಅದು ಬಳಸುತ್ತಿದ್ದ 60 ಗಿಗಾಹರ್ಟ್ಸ್ ತರಂಗಕ್ಕೆ ನಮ್ಮ ದೇಶದಲ್ಲಿ ಆಗ ಅನುಮತಿ ಇರಲಿಲ್ಲವಾಗಿ ಫೋನು ಭಾರತಕ್ಕೆ ಬರಲೇ ಇಲ್ಲ. ಮರುವರ್ಷದ ಮಾದರಿಯಲ್ಲಿ ಕಂಪೆನಿಯೇ ಆ ರೇಡಾರನ್ನು ಕೈಬಿಟ್ಟಿತು.

ಮೂರನೆಯದು ಮಣಿಕಟ್ಟಿನ ಪಟ್ಟಿ. ಬೆರಳನ್ನು ಆಡಿಸುವ ಸ್ನಾಯುಗಳು ಇರುವುದು ಹೆಚ್ಚಾಗಿ ಮುಂಗೈಯಲ್ಲಿ. ಆ ಸ್ನಾಯುಗಳಿಗೆ ಹೋಗುವ ವಿದ್ಯುತ್ ಸಂಕೇತವನ್ನು ಚರ್ಮದ ಮೇಲಿಂದಲೇ ಗ್ರಹಿಸಿ, ಯಾವ ಬೆರಳು ಮಡಿಸಿತೆಂದು ಊಹಿಸುವ ವಿಧಾನವಿದು. ಕೈ ಜೇಬಿನಲ್ಲಿದ್ದರೂ, ಕತ್ತಲಿದ್ದರೂ ಕೆಲಸ ನಡೆಯುತ್ತದೆ.

ಗಾಳಿಯಲ್ಲಿ ನುಡಿಸಿದ ವಾದ್ಯ

ಈ ಕಥೆಯ ಆರಂಭ ಕಂಪ್ಯೂಟರಿನಿಂದಲ್ಲ, ಸಂಗೀತದಿಂದ. ರಷ್ಯಾದ ಯುವ ಭೌತವಿಜ್ಞಾನಿ ಲೆವ್ ತೆರೆಮಿನ್ 1920ರ ಸುಮಾರಿಗೆ ಮುಟ್ಟದೆ ನುಡಿಸುವ ವಾದ್ಯವೊಂದನ್ನು ರೂಪಿಸಿದ. ಪೆಟ್ಟಿಗೆಯೊಂದಕ್ಕೆ ಎರಡು ಲೋಹದ ಕಡ್ಡಿಗಳು. ಒಂದರ ಹತ್ತಿರ ಕೈ ಒಯ್ದರೆ ಸ್ವರ ಏರುತ್ತದೆ, ಇನ್ನೊಂದರ ಬಳಿ ಕೈ ತಂದರೆ ದನಿ ತಗ್ಗುತ್ತದೆ. ಮನುಷ್ಯನ ಕೈ ಸಮೀಪಿಸಿದಾಗ ವಿದ್ಯುತ್ ಮಂಡಲದಲ್ಲಾಗುವ ಬದಲಾವಣೆಯೇ ಇದರ ಗುಟ್ಟು. ಇಂದಿನ ಫೋನಿನ ಪರದೆಗೂ ಇದು ದೂರದ ನೆಂಟ. 1922ರಲ್ಲಿ ಲೆನಿನ್ ಎದುರು ಇದರ ಪ್ರದರ್ಶನ ನಡೆಯಿತು. 1928ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ವಾದ್ಯಕ್ಕೆ ಅವನ ಹೆಸರೇ ಉಳಿಯಿತು.

ಕಂಪ್ಯೂಟರಿನ ಮುಂದೆ ಕೈ ತೋರಿಸಿ ಆಜ್ಞೆ ಕೊಡುವ ಪ್ರಯೋಗ ಹೆಸರು ಮಾಡಿದ್ದು 1980ರಲ್ಲಿ. ಅಮೆರಿಕದ ಎಂ.ಐ.ಟಿ.ಯ ರಿಚರ್ಡ್ ಬೋಲ್ಟ್ ದೊಡ್ಡ ಪರದೆಯತ್ತ ಬೆರಳು ಮಾಡಿ, ಬಾಯಿಯಲ್ಲಿ ‘ಅದನ್ನು ಅಲ್ಲಿಡು’ ಎಂದರೆ ಚಿತ್ರ ಜರುಗುವಂತೆ ಮಾಡಿದರು. ಗಮನಿಸಬೇಕಾದ ಸಂಗತಿಯೆಂದರೆ, ಅಲ್ಲಿ ಕೈಯೊಂದೇ ಕೆಲಸ ಮಾಡಲಿಲ್ಲ. ಏನು ಮಾಡಬೇಕೆಂಬುದನ್ನು ಮಾತು ಹೇಳಿತು, ಎಲ್ಲಿ ಎಂಬುದನ್ನು ಕೈ ಹೇಳಿತು. ನಾವು ದಿನನಿತ್ಯ ಮಾಡುವುದೂ ಹೀಗೆಯೇ ಅಲ್ಲವೆ?

ಕರ್ನಾಟಕದ ಮಟ್ಟಿಗೆ ಈ ವಿದ್ಯೆಯ ಮರೆಯಲಾಗದ ಪ್ರದರ್ಶನ ನಡೆದದ್ದು ಮೈಸೂರಿನಲ್ಲಿ, 2009ರ ನವೆಂಬರ್‌ನಲ್ಲಿ. ಇನ್ಫೊಸಿಸ್ ಆವರಣದಲ್ಲಿ ಸೇರಿದ್ದ ‘ಟೆಡ್ ಇಂಡಿಯಾ’ ಸಮಾವೇಶದಲ್ಲಿ ಗುಜರಾತಿನ ಪಾಲನ್‌ಪುರ ಮೂಲದ, ಆಗ ಎಂ.ಐ.ಟಿ.ಯಲ್ಲಿ ಸಂಶೋಧನೆ ನಡೆಸುತ್ತಿದ್ದ ಪ್ರಣವ್ ಮಿಸ್ತ್ರಿ ತಮ್ಮ ‘ಸಿಕ್ಸ್ತ್‌ಸೆನ್ಸ್’ ಸಾಧನವನ್ನು ವಿವರಿಸಿದರು. ಕೊರಳಿಗೆ ತೂಗುಹಾಕಿದ ಕ್ಯಾಮೆರಾ, ಪುಟ್ಟ ಪ್ರೊಜೆಕ್ಟರು, ಬೆರಳ ತುದಿಗೆ ಬಣ್ಣಬಣ್ಣದ ಟೋಪಿಗಳು, ಇಷ್ಟೇ ಸಲಕರಣೆ. ಎರಡೂ ಕೈಗಳ ಹೆಬ್ಬೆರಳು, ತೋರುಬೆರಳುಗಳಿಂದ ಚೌಕಟ್ಟು ಮಾಡಿದರೆ ಫೋಟೊ ತೆಗೆಯಿತು. ಮಣಿಕಟ್ಟಿನ ಮೇಲೆ ಬೆರಳಿನಿಂದ ವೃತ್ತ ಬರೆದರೆ ಅಲ್ಲೇ ಗಡಿಯಾರ ಮೂಡಿತು. ಸುಮಾರು 350 ಡಾಲರಿನಲ್ಲಿ ಕಟ್ಟಿದ ಸಾಧನವೆಂದು ಹೇಳಿದಾಗ ಸಭೆ ಬೆರಗಾಯಿತು. ಆದರೂ ಅದು ಅಂಗಡಿಗೆ ಬರಲಿಲ್ಲ.

ಅಂಗಡಿಗೆ ಬಂದು ಗೆದ್ದು ಸೋತದ್ದು ಮೈಕ್ರೊಸಾಫ್ಟ್‌ನ ‘ಕಿನೆಕ್ಟ್’. 2010ರ ನವೆಂಬರ್‌ನಲ್ಲಿ ವಿಡಿಯೊ ಆಟಕ್ಕಾಗಿ ಬಂದ ಈ ಪೆಟ್ಟಿಗೆ ಕೋಣೆಯ ತುಂಬ ಅವಗೆಂಪು ಚುಕ್ಕಿಗಳನ್ನು ಚೆಲ್ಲಿ, ಅವು ಬಿದ್ದ ರೀತಿಯಿಂದ ಆಡುವವರ ಮೈಯ ಆಳ, ದೂರಗಳನ್ನು ಅಳೆಯುತ್ತಿತ್ತು. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಸೇರಿತು. ಅದೇ ಕಿನೆಕ್ಟ್ ತಯಾರಿಕೆ 2017ರಲ್ಲಿ ನಿಂತಿತು. ಅಷ್ಟು ಬೇಗ ಜನ ಮೆಚ್ಚಿ ಅಷ್ಟು ಬೇಗ ಮರೆತದ್ದೇಕೆ ಎಂಬ ಪ್ರಶ್ನೆಯೇ ನಮ್ಮನ್ನು ಮತ್ತೆ ಮಲೆನಾಡಿಗೆ ಕರೆತರುತ್ತದೆ.

ಭಸ್ಮಾಸುರನ ಪಾಠ

ಕೈಸನ್ನೆಯ ಯಂತ್ರಕ್ಕಿರುವ ಮೊದಲ ತೊಡಕನ್ನು ಯಕ್ಷಗಾನ ನೋಡಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭಸ್ಮಾಸುರ ಮೋಹಿನಿಯ ಕಥೆ ಎಲ್ಲರಿಗೂ ಗೊತ್ತು. ಯಾರ ತಲೆಯ ಮೇಲೆ ಕೈಯಿಟ್ಟರೆ ಅವರು ಭಸ್ಮವಾಗಬೇಕೆಂದು ಅಸುರ ವರ ಬೇಡುತ್ತಾನೆ. ಮೋಹಿನಿ ಕುಣಿಯುತ್ತ ಕುಣಿಯುತ್ತ ತನ್ನ ತಲೆಯ ಮೇಲೆ ಕೈಯಿಡುತ್ತಾಳೆ. ಅವಳ ಹೆಜ್ಜೆಗೆ ಹೆಜ್ಜೆ, ಕೈಗೆ ಕೈ ಸೇರಿಸುತ್ತಿದ್ದ ಅಸುರ ಮೈಮರೆತು ತಾನೂ ಇಡುತ್ತಾನೆ. ವರ ತನ್ನ ಕೆಲಸ ಮಾಡಿ ಮುಗಿಸುತ್ತದೆ.

ವರದಲ್ಲಿ ದೋಷವಿರಲಿಲ್ಲ. ಸನ್ನೆಯನ್ನು ಅದು ಸರಿಯಾಗಿಯೇ ಗುರುತಿಸಿತು. ಗುರುತಿಸದೆ ಹೋದದ್ದು ಉದ್ದೇಶವನ್ನು. ಅದು ಆಜ್ಞೆಯೋ, ಕುಣಿತದ ಭಾಗವೋ ಎಂದು ಕೇಳುವ ವಿವೇಕ ವರಕ್ಕಿರಲಿಲ್ಲ. ಇಂದಿನ ಯಂತ್ರಕ್ಕೂ ಇಲ್ಲ. ಸೊಳ್ಳೆ ಓಡಿಸಲು ಕೈ ಬೀಸಿದರೆ ಟಿ.ವಿ. ಚಾನೆಲ್ ಬದಲಾಗುವುದು, ಕಾರಿನಲ್ಲಿ ಪಕ್ಕದವರೊಡನೆ ಕೈ ತಿರುಗಿಸುತ್ತ ಮಾತಾಡಿದರೆ ಹಾಡಿನ ಸದ್ದು ಏರುವುದು ಇದೇ ಕಾರಣಕ್ಕೆ. ಬಿ.ಎಂ.ಡಬ್ಲ್ಯು. ಕಂಪೆನಿ 2015ರಲ್ಲಿ ತನ್ನ ದುಬಾರಿ ಕಾರೊಂದಕ್ಕೆ ಬೆರಳು ಸುತ್ತಿದರೆ ಸದ್ದು ಹೆಚ್ಚಾಗುವ ಸೌಲಭ್ಯ ಕೊಟ್ಟಿತ್ತು. ಮಾತಿಗಿಂತ ಮೊದಲು ಕೈ ಆಡುವ ನಮ್ಮಂಥ ಜನರಿಗೆ ಇದು ಕಷ್ಟವೇ. ಪಾಶ್ಚಾತ್ಯರು ಈ ತೊಡಕನ್ನು ವಿವರಿಸಲು ಮುಟ್ಟಿದ್ದೆಲ್ಲ ಚಿನ್ನವಾದ ಮಿಡಾಸ್ ದೊರೆಯ ಹೆಸರು ಹೇಳುತ್ತಾರೆ. ನಮಗೆ ಭಸ್ಮಾಸುರನೇ ಹತ್ತಿರದವನು.

ಟಿ.ವಿ.ಯ ಮಟ್ಟಿಗೆ ಇದು ನಗೆಯ ವಿಷಯ. ಅಡಿಕೆ ಸುಲಿಯುವ ಯಂತ್ರದ, ಹುಲ್ಲು ಕೊಚ್ಚುವ ಯಂತ್ರದ ಮಟ್ಟಿಗೆ ಅಲ್ಲ. ಅಲಗಿನ ಹತ್ತಿರ ಸಿಕ್ಕ ನಾರನ್ನು ಬಿಡಿಸಲು ಚಾಚಿದ ಕೈಯನ್ನು ‘ಶುರು’ ಎಂದು ಯಂತ್ರ ಓದಿಕೊಂಡರೆ ಬೆರಳೇ ಹೋದೀತು. ಆದ್ದರಿಂದ ಇಲ್ಲಿ ಒಂದು ವಿವೇಕದ ನಿಯಮ ಬೇಕಾಗುತ್ತದೆ. ನಿಲ್ಲಿಸುವುದಕ್ಕೆ ಸನ್ನೆ ಇರಲಿ, ಶುರು ಮಾಡುವುದಕ್ಕೆ ಮಾತ್ರ ಗುಂಡಿಯೇ ಇರಲಿ. ತಪ್ಪಾಗಿ ನಿಂತ ಯಂತ್ರದಿಂದ ಹೋಗುವುದು ಎರಡು ನಿಮಿಷ. ತಪ್ಪಾಗಿ ಓಡಿದ ಯಂತ್ರದಿಂದ ಹೋಗುವುದು ಕೈ. ನಿಲ್ಲಿಸುವ ಗುಂಡಿಯೂ ಕೈಗೆಟುಕುವಲ್ಲಿ ಇರಲೇಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಮುದ್ರೆಯೂ ಸಂದರ್ಭವೂ

ಹಾಗಾದರೆ ಮನುಷ್ಯರು ಪರಸ್ಪರ ಸನ್ನೆಯನ್ನು ತಪ್ಪಿಲ್ಲದೆ ಅರ್ಥಮಾಡಿಕೊಳ್ಳುವುದು ಹೇಗೆ? ಭರತನ ನಾಟ್ಯಶಾಸ್ತ್ರ ಒಂದು ಕೈಯ 24 ಹಸ್ತಗಳನ್ನು, ಎರಡೂ ಕೈ ಸೇರಿದ 13 ಹಸ್ತಗಳನ್ನು ಹೇಳುತ್ತದೆ. ಭರತನಾಟ್ಯ ಕಲಿಯುವ ಮಕ್ಕಳು ಪಾಠ ಮಾಡುವ ‘ಅಭಿನಯ ದರ್ಪಣ’ದಲ್ಲಿ ಒಂಟಿ ಕೈಯ ಹಸ್ತಗಳೇ 28. ಲೆಕ್ಕ ನೋಡಿದರೆ ಕಡಿಮೆ. ಆದರೆ ಒಂದೊಂದು ಹಸ್ತಕ್ಕೂ ಹತ್ತಾರು ವಿನಿಯೋಗಗಳಿವೆ. ಬೆರಳು ಸೇರಿಸಿ ಚಾಚಿದ ‘ಪತಾಕ’ವೊಂದೇ ಮೋಡವೂ ಆಗಬಲ್ಲದು, ಕಾಡೂ ಆಗಬಲ್ಲದು, ನದಿಯೂ ಆಗಬಲ್ಲದು. ಯಾವುದೆಂದು ಹೇಳುವುದು ಹಾಡಿನ ಸಾಹಿತ್ಯ, ಮುಖದ ಭಾವ, ಕಣ್ಣಿನ ದಿಕ್ಕು. ಕೈ ಹೋದೆಡೆಗೆ ದೃಷ್ಟಿಯೂ ಸಾಗಬೇಕೆಂಬುದು ನಾಟ್ಯದ ಮೊದಲ ಪಾಠಗಳಲ್ಲೊಂದು.

ಯಂತ್ರ ನಿರ್ಮಾಪಕರು ತಡವಾಗಿಯಾದರೂ ಇದೇ ದಾರಿಗೆ ಬಂದಿದ್ದಾರೆ. ಆಪಲ್ ಕಂಪೆನಿ 2024ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ತಂದ ‘ವಿಷನ್ ಪ್ರೊ’ ಕನ್ನಡಕದಂಥ ಸಾಧನದಲ್ಲಿ ಕಣ್ಣು ಆರಿಸುತ್ತದೆ, ಕೈ ಒಪ್ಪಿಗೆ ಕೊಡುತ್ತದೆ. ನೋಡಿದ ವಸ್ತು ತೆರೆಯಬೇಕಾದರೆ ಹೆಬ್ಬೆರಳಿಗೆ ತೋರುಬೆರಳ ತುದಿ ತಾಗಿಸಬೇಕು. ದೃಷ್ಟಿ ಮತ್ತು ಹಸ್ತ ಎರಡೂ ಕೂಡಿದರೆ ಮಾತ್ರ ಆಜ್ಞೆ. ಒಂದೇ ಇದ್ದರೆ ಅಲ್ಲ. ಭಸ್ಮಾಸುರನ ವರಕ್ಕೆ ಇಷ್ಟಾದರೂ ಷರತ್ತು ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಹೆಬ್ಬೆರಳಿಗೆ ತೋರುಬೆರಳು ತಾಗಿದ ಆ ಆಕಾರ ನಮಗೆ ಅಪರಿಚಿತವಲ್ಲ. ನಾಟ್ಯದಲ್ಲಿ ಅದು ಹಂಸಾಸ್ಯಕ್ಕೆ ಹತ್ತಿರ. ಶಿಲ್ಪದಲ್ಲಿ ಅದು ಚಿನ್ಮುದ್ರೆ. ಬೇಗಾರಿನವರಿಗೆ ತಾಲ್ಲೂಕು ಕೇಂದ್ರವಾದ ಶೃಂಗೇರಿಯ ಶಾರದೆಯ ಒಂದು ಕೈಯಲ್ಲಿರುವುದೂ ಅದೇ. ಕ್ಯಾಲಿಫೋರ್ನಿಯದವರು ಶೃಂಗೇರಿಯಿಂದ ಕಲಿತರೆಂದು ಹೇಳುವುದು ಸುಳ್ಳಾದೀತು. ಅವರನ್ನು ಅಲ್ಲಿಗೆ ತಂದದ್ದು ಬೇರೆ ಕಾರಣ. ಗಾಳಿಯಲ್ಲಿ ಕೈ ಆಡಿಸುವಾಗ ಇರುವ ಎರಡನೆಯ ತೊಡಕೆಂದರೆ ಬೆರಳಿಗೆ ಏನೂ ತಾಗುವುದಿಲ್ಲ. ಗುಂಡಿ ಒತ್ತಿದರೆ ‘ಟಿಕ್’ ಎಂಬ ಉತ್ತರ ಸಿಗುತ್ತದೆ. ಗಾಳಿ ಉತ್ತರ ಕೊಡುವುದಿಲ್ಲ. ಎರಡು ಬೆರಳ ತುದಿಗಳು ತಾಗಿದಾಗಲಾದರೋ ಆ ಸ್ಪರ್ಶವೇ ಉತ್ತರ. ನಮ್ಮದೇ ಒಂದು ಬೆರಳು ಇನ್ನೊಂದಕ್ಕೆ ಗುಂಡಿಯಾಗುತ್ತದೆ.

ಅಂಗೈಯ ಮೇಲಿನ ಲೆಕ್ಕ

ಈ ಉಪಾಯವನ್ನು ನಮ್ಮ ಹಿರಿಯರು ಇನ್ನೊಂದು ಕಡೆ ಬಹಳ ಹಿಂದೆಯೇ ಬಳಸಿದ್ದರು. ಮನೆಯ ಅಜ್ಜಿ ದಿನ ಎಣಿಸುವುದನ್ನು ಗಮನಿಸಿ. ಬೆರಳು ಮಡಿಸುವುದಿಲ್ಲ; ಹೆಬ್ಬೆರಳ ತುದಿಯನ್ನು ಉಳಿದ ಬೆರಳುಗಳ ಗೆಣ್ಣಿನಿಂದ ಗೆಣ್ಣಿಗೆ ಜರುಗಿಸುತ್ತಾರೆ. ನಾಲ್ಕು ಬೆರಳಿಗೆ ಮೂರರಂತೆ ಒಂದೇ ಕೈಯಲ್ಲಿ ಹನ್ನೆರಡು. ಜಪ ಮಾಡುವವರು ಇದೇ ಗೆಣ್ಣುಗಳ ಮೇಲೆ ಹತ್ತರ ಸುತ್ತು ಹಾಕುತ್ತಾರೆ. ಕರಮಾಲೆ ಎಂದು ಅದಕ್ಕೆ ಹೆಸರು. ಕಣ್ಣು ಮುಚ್ಚಿದ್ದರೂ ಲೆಕ್ಕ ತಪ್ಪುವುದಿಲ್ಲ, ಏಕೆಂದರೆ ಪ್ರತಿ ಎಣಿಕೆಗೂ ಒಂದು ಸ್ಪರ್ಶವಿದೆ. ಸಾಮವೇದದ ಅಧ್ಯಯನದಲ್ಲಿ ಸ್ವರಸ್ಥಾನಗಳನ್ನು ಬೆರಳುಗಳ ಮೇಲೆ ಹೆಬ್ಬೆರಳಿನಿಂದ ಗುರುತಿಸುವ ಕ್ರಮವಿದೆ. ನಾರದೀಯ ಶಿಕ್ಷೆ ಇದಕ್ಕೆ ಗಾತ್ರವೀಣೆ ಎಂಬ ಸುಂದರ ಹೆಸರು ಕೊಟ್ಟಿದೆ. ಮರದ ವೀಣೆ ಒಂದಾದರೆ ಮೈಯೇ ವೀಣೆಯಾಗುವುದು ಇನ್ನೊಂದು. ಕಂಪ್ಯೂಟರು ಇಂದು ಕೈಯ ಮೇಲೆ ಇಡುವ 21 ಚುಕ್ಕಿಗಳಲ್ಲಿ ಹೆಚ್ಚಿನವು ಬೀಳುವುದು ಇದೇ ಗೆಣ್ಣು, ಇದೇ ಬೆರಳ ತುದಿಗಳ ಮೇಲೆ.

ಮೂರನೆಯ ತೊಡಕು ಆಯಾಸ. ಕೈ ಎತ್ತಿ ಹಿಡಿದು ಐದು ನಿಮಿಷ ಪರದೆಯ ಮುಂದೆ ಆಡಿಸಿ ನೋಡಿ, ತೋಳು ಬಿದ್ದುಹೋಗುತ್ತದೆ. ವೇಷಧಾರಿಗೆ, ನರ್ತಕಿಗೆ ವರ್ಷಗಟ್ಟಲೆಯ ಸಾಧನೆ ಇರುತ್ತದೆ, ಟಿ.ವಿ. ನೋಡಲು ಕುಳಿತವರಿಗೆ ಏಕೆ ಬೇಕು ಆ ವ್ಯಾಯಾಮ? ಕಿನೆಕ್ಟ್ ಆಟಕ್ಕೆ ಒಗ್ಗಿ ಉಳಿದ ಕೆಲಸಕ್ಕೆ ಒಗ್ಗದಿರಲು ಇದೂ ಒಂದು ಕಾರಣ. ತೊಡೆಯ ಮೇಲಿಟ್ಟ ಕೈಯಲ್ಲಿ ಎರಡು ಬೆರಳು ತಾಗಿಸುವಷ್ಟು ಸಣ್ಣ ಸನ್ನೆಗಳ ಕಡೆಗೆ ಈಗ ಎಲ್ಲರೂ ಹೊರಳಿರುವುದು ಅದಕ್ಕಾಗಿಯೇ.

ಯಾರ ಕೈ, ಯಾವ ಊರಿನ ಸನ್ನೆ

ಸನ್ನೆ ಜಗತ್ತಿಗೆಲ್ಲ ಒಂದೇ ಎಂಬುದು ತಪ್ಪು ಕಲ್ಪನೆ. ನಾವು ಯಾರನ್ನಾದರೂ ‘ಬಾ’ ಎಂದು ಕರೆಯುವಾಗ ಅಂಗೈ ಕೆಳಗೆ ಮಾಡಿ ಬೆರಳುಗಳನ್ನು ನಮ್ಮತ್ತ ಎಳೆದುಕೊಳ್ಳುತ್ತೇವೆ. ಅಮೆರಿಕದವರು ಅಂಗೈ ಮೇಲೆ ಮಾಡಿ ಕರೆಯುತ್ತಾರೆ. ನಮ್ಮ ‘ಬಾ’ ಅವರ ಕಣ್ಣಿಗೆ ‘ಹೋಗು’ ಎಂಬಂತೆ ಕಾಣುವುದುಂಟು. ಯಂತ್ರಕ್ಕೆ ಸನ್ನೆ ಕಲಿಸುವುದು ಸಾವಿರಾರು ಕೈಗಳ ಚಿತ್ರ ತೋರಿಸಿ. ಆ ಕೈಗಳು ಎಲ್ಲಿಯವು ಎಂಬುದರ ಮೇಲೆ ಯಂತ್ರದ ವಿವೇಕ ನಿಂತಿದೆ. 2017ರಲ್ಲಿ ಬಿಳಿಯ ಕೈಗೆ ಸೋಪು ಸುರಿಸಿ, ಕಪ್ಪು ಕೈಗೆ ಸುರಿಸದ ಯಂತ್ರವೊಂದರ ವಿಡಿಯೊ ಜಗತ್ತಿನಾದ್ಯಂತ ಹರಡಿ ಚರ್ಚೆಯಾಯಿತು. ಕಪ್ಪು ಚರ್ಮ ಬೆಳಕನ್ನು ಕಡಿಮೆ ಹಿಂತಿರುಗಿಸುತ್ತದೆ. ತಯಾರಕರು ಅದನ್ನು ಪರೀಕ್ಷಿಸಿರಲಿಲ್ಲ. ‘ಮುಟ್ಟದ’ ಎಂಬ ಮಾತಿಗೆ ನಮ್ಮ ಸಮಾಜದಲ್ಲಿ ನೋವಿನ ಚರಿತ್ರೆಯೇ ಇದೆ. ಯಂತ್ರವೂ ಕೆಲವರ ಕೈಯನ್ನು ಕಂಡು ಕಾಣದಂತೆ ಇದ್ದರೆ ಆ ಚರಿತ್ರೆಗೆ ಹೊಸ ಅಧ್ಯಾಯ ಸೇರಿಸಿದಂತಾಗುತ್ತದೆ.

ತೋಟದ ಕೆಲಸದಲ್ಲಿ ಸವೆದು ದಪ್ಪಗಾದ ಬೆರಳು, ಕತ್ತಿ ತಾಗಿ ತುದಿ ಕಳೆದುಕೊಂಡ ಬೆರಳು, ವಯಸ್ಸಿನಿಂದ ನಡುಗುವ ಕೈ, ಕೆಸರು ಮೆತ್ತಿದ ಕೈಗವಸು ಇವೆಲ್ಲ ಯಂತ್ರದ ಪಾಠಪುಸ್ತಕದಲ್ಲಿ ಇವೆಯೇ? ಇದ್ದರೆ ಮಾತ್ರ ಅದು ಬೇಗಾರಿಗೆ ಬಂದೀತು. ಮಳೆ, ಮಂಜು, ತೋಟದ ನೆರಳಿನ ಮಬ್ಬು ಬೆಳಕು ಕ್ಯಾಮೆರಾಕ್ಕೆ ಕಷ್ಟ ಕೊಡುತ್ತವೆ ಎಂಬುದೂ ನಿಜ.

ಇನ್ನೊಂದು ಪ್ರಶ್ನೆ ಗುಟ್ಟಿನದು. ಹಳೆ ಮೈಸೂರು ಸೀಮೆಯ ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನೊಬ್ಬರು ಹಿಡಿದು ಬೆಲೆ ಕುದುರಿಸುತ್ತಾರೆ. ಬಾಯಿ ಬಿಡುವುದಿಲ್ಲ, ಕೈಯನ್ನೂ ತೋರಿಸುವುದಿಲ್ಲ. ಕೈಯ ಮಾತು ಎಲ್ಲರಿಗೂ ಕಾಣುತ್ತದೆ ಎಂಬ ತಿಳಿವಳಿಕೆ ಆ ಟವೆಲ್ಲಿನಲ್ಲಿದೆ. ಸನ್ನೆಗೆ ಕಾಯುವ ಕ್ಯಾಮೆರಾ ಸದಾ ಕಣ್ಣು ತೆರೆದೇ ಇರಬೇಕು. ಕೈಯನ್ನು ನೋಡುವ ಕಣ್ಣು ಮನೆಯನ್ನೂ ನೋಡುತ್ತದೆ. 2013ರಲ್ಲಿ ಮೈಕ್ರೊಸಾಫ್ಟ್ ತನ್ನ ಹೊಸ ಆಟದ ಪೆಟ್ಟಿಗೆಗೆ ಕಿನೆಕ್ಟ್ ಜೋಡಿಸಿಯೇ ಇರಬೇಕೆಂದಾಗ ಗ್ರಾಹಕರು ಸಿಡಿದೆದ್ದರು. ಕಂಪೆನಿ ಕೆಲವೇ ತಿಂಗಳಲ್ಲಿ ಆ ಷರತ್ತನ್ನು ಕೈಬಿಡಬೇಕಾಯಿತು.

ಎಲ್ಲಿ ನಿಜವಾಗಿ ಬೇಕು

ಇಷ್ಟೆಲ್ಲ ತೊಡಕಿದ್ದರೂ ಈ ವಿದ್ಯೆ ವ್ಯರ್ಥವೆನ್ನಲಾಗದು. ಕೈ ಮುಟ್ಟಬಾರದ, ಮುಟ್ಟಲಾಗದ, ಅಥವಾ ಮಾತು ಕೇಳಿಸದ ಜಾಗಗಳಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಶಸ್ತ್ರಚಿಕಿತ್ಸೆಯ ನಡುವೆ ವೈದ್ಯರು ರೋಗಿಯ ಸ್ಕ್ಯಾನ್ ಚಿತ್ರ ತಿರುಗಿಸಿ ನೋಡಬೇಕು, ಆದರೆ ಶುದ್ಧಗೊಳಿಸಿದ ಕೈಯಿಂದ ಕಂಪ್ಯೂಟರು ಮುಟ್ಟುವಂತಿಲ್ಲ. ಕೆನಡಾದ ಟೊರಾಂಟೊ ನಗರದ ಸನ್ನಿಬ್ರೂಕ್ ಆಸ್ಪತ್ರೆಯಲ್ಲಿ 2011ರ ಸುಮಾರಿಗೆ ಆಟದ ಕಿನೆಕ್ಟನ್ನೇ ಇದಕ್ಕೆ ಬಳಸಿದರು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲೂ ಪ್ರಯೋಗ ನಡೆಯಿತು.

ನಮ್ಮಲ್ಲಿ ಇದಕ್ಕೆ ಸರಿಸಮನಾದ ಜಾಗಗಳು ಬೇಕಾದಷ್ಟಿವೆ. ಬೋರ್ಡೋ ಹೊಡೆಯುವಾಗ ಪಂಪಿನ ಸದ್ದಿಗೆ ಕೂಗಿದ್ದು ಕೇಳಿಸುವುದಿಲ್ಲ. ನಳಿಗೆ ಹಿಡಿದವರು ಕೈ ಮಾಡಿದರೆ ಪಂಪಿನ ಬಳಿ ಇದ್ದವರು ನೋಡಿ ನಿಲ್ಲಿಸಬೇಕು. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯಲ್ಲಿ ಎದುರಿನ ವಾಹನಕ್ಕೆ ‘ತಡಿ’, ‘ಬಾ’ ಎಂದು ಕೈಯಲ್ಲೇ ಹೇಳುವ ಚಾಲಕರಿದ್ದಾರೆ. 1989ರ ರಸ್ತೆ ನಿಯಮಗಳಲ್ಲಿ ನಿಧಾನಿಸುವುದಕ್ಕೆ ಬಲಗೈ ಚಾಚಿ ಮೇಲೆ ಕೆಳಗೆ ಆಡಿಸುವುದು, ಹಿಂದಿನವರಿಗೆ ದಾರಿ ಬಿಡಲು ಕೈಯನ್ನು ಹಿಂದುಮುಂದು ಬೀಸುವುದು ಎಂದು ಸನ್ನೆಗಳನ್ನು ಬರೆದಿಟ್ಟಿದ್ದರು. ಅಂದರೆ ಯಂತ್ರಗಳ ಸುತ್ತ ದುಡಿಯುವ ನಮ್ಮ ಜನರ ಬಳಿ ಪಳಗಿದ ಸನ್ನೆಗಳ ಒಂದು ಕೋಶವೇ ಇದೆ. ಹೊಸ ಸನ್ನೆ ಹೊಸೆದು ಜನಕ್ಕೆ ಬಾಯಿಪಾಠ ಮಾಡಿಸುವ ಬದಲು ಇರುವ ಸನ್ನೆಯನ್ನು ಯಂತ್ರಕ್ಕೆ ಕಲಿಸುವುದು ನ್ಯಾಯ.

ಎಲ್ಲರಿಗಿಂತ ಹೆಚ್ಚಿನ ಹಕ್ಕು ಕಿವುಡರದ್ದು. ಅವರಿಗೆ ಸನ್ನೆ ಮಾತಿನ ಬದಲಿಯಲ್ಲ, ಅದೇ ಮಾತು. ವ್ಯಾಕರಣವಿರುವ ಪೂರ್ಣ ಭಾಷೆ. ದೆಹಲಿಯ ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಲ್ಲಿ ಸ್ಥಾಪನೆಯಾಯಿತು. 2018ರಲ್ಲಿ 3 ಸಾವಿರ ಪದಗಳಿಂದ ಆರಂಭವಾದ ಅದರ ನಿಘಂಟು 2021ರ ಹೊತ್ತಿಗೆ 10 ಸಾವಿರ ಪದಗಳಿಗೆ ಬೆಳೆಯಿತು. ಬ್ಯಾಂಕಿನ ಯಂತ್ರ, ಬಸ್ ನಿಲ್ದಾಣದ ವಿಚಾರಣಾ ಕಿಟಕಿ ಆ ಭಾಷೆಯನ್ನು ಅರ್ಥಮಾಡಿಕೊಳ್ಳುವ ದಿನ ಬಂದರೆ ಕೈಸನ್ನೆಯ ವಿಜ್ಞಾನ ತನ್ನ ಸಾಲ ತೀರಿಸಿದಂತೆ. ಬೆರಳಿನ ಜೊತೆ ಹುಬ್ಬು, ಮುಖ, ಭುಜಗಳೂ ಆ ಭಾಷೆಯಲ್ಲಿ ಮಾತಾಡುವುದರಿಂದ ಆ ದಾರಿ ಇನ್ನೂ ದೂರವಿದೆ.

ಅಲ್ಲಿಯವರೆಗೆ, ಕೈ ಬೀಸಿದರೆ ಸಾಕು ಎಂದು ಸಾರುವ ವಸ್ತುವನ್ನು ಅಂಗಡಿಯಲ್ಲಿ ಕಂಡಾಗ ಓದುಗರು ಮೂರು ಪ್ರಶ್ನೆ ಕೇಳಬೇಕು. ನಾನು ಬೇರೆಯದಕ್ಕೆ ಕೈ ಎತ್ತಿದರೆ ಇದು ಏನು ಮಾಡುತ್ತದೆ? ಇದರ ಕಣ್ಣನ್ನು ಮುಚ್ಚುವ ಸೌಲಭ್ಯ ಉಂಟೇ? ಕೈ ಸೋತ ದಿನ ಒತ್ತಲು ಒಂದು ಗುಂಡಿ ಇದೆಯೇ? ಮೂರಕ್ಕೂ ನೇರ ಉತ್ತರ ಸಿಕ್ಕಿದರೆ ಕೊಳ್ಳಲಿ. ಸಿಗದಿದ್ದರೆ, ಅಂಗಡಿಯವರಿಗೆ ಕೈ ಮುಗಿದು ಬರಬಹುದು. ಆ ಸನ್ನೆ ಎಲ್ಲರಿಗೂ ಅರ್ಥವಾಗುತ್ತದೆ.